ರಾಹುಕಾಲದಲ್ಲಿ ಬಿದ್ದ ಮೊಹರು

ಗೈದರ್ಸ್‌ಬರ್ಗಿನ ರಾಜಲಕ್ಷ್ಮಿ ಕಾಫಿ ಬಿಟ್ಟಿದ್ದಾಳೆ ಎಂಬ ಸುದ್ದಿಯನ್ನು ಕನ್ನಡ ಸಂಘದಲ್ಲಿ ಮೊದಮೊದಲು ಯಾರೂ ನಂಬಲಿಲ್ಲ. ಮದುವೆಯಾಗಿ ಅಮೆರಿಕಕ್ಕೆ ಬರುವಾಗ ಒಡವೆಯನ್ನು ಅಮ್ಮನ ಹತ್ತಿರ ಬಿಟ್ಟು ಹಿತ್ತಾಳೆ ಫಿಲ್ಟರನ್ನು ಸೀರೆಯ ಮಡಿಕೆಯಲ್ಲಿ ಸುತ್ತಿ ತಂದ ಮೈಸೂರಿನ ಹೆಂಗಸು ಅವಳು. ಅಂಥವಳು ಸಂಕ್ರಾಂತಿಯ ಊಟ ಮುಗಿದ ಮೇಲೆ ಎಲ್ಲರೂ ಲೋಟ ಹಿಡಿದು ಕೂತಾಗ ತಾನೊಬ್ಬಳೇ ಹಾರ್ಲಿಕ್ಸ್ ಕುಡಿಯುತ್ತಿದ್ದಳು. ಡಾಕ್ಟರು ಬೇಡ ಅಂದರೇ ಎಂದು ಯಾರಾದರೂ ಕೇಳಿದರೆ ಹೌದು ಅನ್ನುತ್ತಿದ್ದಳು. ನಿಜ ಗೊತ್ತಿದ್ದದ್ದು ಗಂಡ ನಟರಾಜನಿಗೆ ಮಾತ್ರ. ಚಾರ್ಲ್ಸ್‌ಟನ್ನಿನ ಕೇಶವಮೂರ್ತಿ ಎಂಬ ಮನುಷ್ಯ ತನ್ನೆದುರು ಕೈಕಟ್ಟಿ ನಿಲ್ಲುವವರೆಗೆ ಕಾಫಿ ಮುಟ್ಟುವುದಿಲ್ಲ ಎಂದು ಅವಳು ದೇವರ ಮುಂದೆ ಹೇಳಿಕೊಂಡಿದ್ದಳು. ಆಫೀಸಿನ ಕಾಫಿಗೆ ಈ ಹರಕೆ ಅನ್ವಯಿಸುತ್ತಿರಲಿಲ್ಲ. ಅದನ್ನು ಅವಳು ಮೊದಲಿನಿಂದಲೂ ಕಾಫಿ ಎಂದು ಒಪ್ಪಿದವಳೇ ಅಲ್ಲ.

ಕೇಶವಮೂರ್ತಿ ಅವಳ ಬೀಗನಾಗಬೇಕಿದ್ದವನು. ಅವನ ಮಗ ಗುರುದತ್‌ಗೂ ಅವಳ ಒಬ್ಬಳೇ ಮಗಳು ಹರಿಣಿಗೂ ತೊಂಬತ್ಮೂರರ ಜನವರಿಯಲ್ಲಿ ನಿಶ್ಚಿತಾರ್ಥವಾಗಿತ್ತು. ಆ ದಿನದ್ದೊಂದು ಸಂಗತಿಯನ್ನು ರಾಜಲಕ್ಷ್ಮಿ ಆಮೇಲೆ ಎಷ್ಟೋ ಸಲ ನೆನೆದು ಹಲ್ಲು ಕಡಿದಿದ್ದಾಳೆ. ಗಂಡಿನ ಕಡೆಯವರ ಕಾರು ಮನೆ ಮುಂದೆ ಬಂದು ನಿಂತಿತು, ಆದರೆ ಯಾರೂ ಇಳಿಯಲಿಲ್ಲ. ರಾಹುಕಾಲ ಕಳೆಯಲಿ ಎಂದು ಕೇಶವಮೂರ್ತಿ ಇಡೀ ಸಂಸಾರವನ್ನು ಕಾರಿನಲ್ಲೇ ಕೂರಿಸಿ, ಹೀಟರ್ ಹಾಕಿಕೊಂಡು, ಕಿಟಕಿಯಿಂದ ಇವಳಿಗೆ ನಮಸ್ಕಾರ ಮಾಡಿದ. ಒಳಗೆ ಉಪ್ಪಿಟ್ಟು ಆರಿ ಕಲ್ಲಾಯಿತು. ಆಗ ಅದನ್ನೂ ಅವಳು ದೊಡ್ಡ ಮನೆತನದ ಲಕ್ಷಣ ಎಂದೇ ತಿಳಿದಳು. ಬೀಗರು ಎಷ್ಟು ಆಚಾರವಂತರು ನೋಡಿ ಎಂದು ನೆಂಟರಿಗೆಲ್ಲ ಹೇಳಿಕೊಂಡು ಮೆರೆದಳು.

ಮದುವೆ ಅಟ್ಲಾಂಟಾದ ದೇವಸ್ಥಾನದಲ್ಲಿ ಎಂದು ಗೊತ್ತಾಗಿ, ಕರೆಯೋಲೆ ಹಂಚಿ, ಧಾರೆ ಸೀರೆ ಮೈಸೂರಿನಿಂದ ಬಂದು ಬೀರುವಿನಲ್ಲಿ ಕೂತ ಮೇಲೆ ಕೇಶವಮೂರ್ತಿಯ ಫೋನು ಬಂತು.

"ಬೀಗರೇ, ಕ್ಷಮಿಸಬೇಕು. ನೀವು ಜಾತಕ ಬರೆಸಿರಲಿಲ್ಲ ಅಂತ ಆಗ ಹೆಸರುಬಲ ಅಷ್ಟೇ ನೋಡಿದ್ವಿ. ಹುಡುಗಿ ಬರ್ತ್ ಸರ್ಟಿಫಿಕೇಟ್ ನೋಡಿ ನಮ್ಮ ನಂಜನಗೂಡಿನ ಜೋಯಿಸರು ಈಗ ಜಾತಕ ಬರೆದು ಕಳಿಸಿದಾರೆ. ಮೂಲಾ ನಕ್ಷತ್ರ. ಆಗ ತಾನೇ ಹೊಸಿಲು ದಾಟಿದ ಮೂಲಾ. ಮಾವನ ತಲೆಗೆ ಬರುತ್ತಂತೆ. ನನಗೆ ಬೈಪಾಸ್ ಆಗಿದೆ, ನಿಮಗೇ ಗೊತ್ತಲ್ಲ."

ಅಷ್ಟು ಹೇಳಿ ಅವನು ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಸಂಘದ ಯುಗಾದಿಯಲ್ಲಿ, ಪಿಕ್ನಿಕ್ಕಿನಲ್ಲಿ, ಕಂಡಕಂಡವರ ಮುಂದೆ ತಾನು ಹೇಗೆ ಕೂದಲೆಳೆಯಲ್ಲಿ ಪಾರಾದೆ ಎಂದು ವರ್ಣಿಸಿದ. ಅಟ್ಲಾಂಟಾ ಕಡೆಯ ಡುಲುತ್‌ನಿಂದ ಗೈದರ್ಸ್‌ಬರ್ಗ್‌ವರೆಗೆ ಹರಿಣಿ ಎಂದರೆ ಮೂಲಾ ನಕ್ಷತ್ರದ ಹುಡುಗಿ ಎಂದಾಯಿತು. ಆಮೇಲೆ ಬಂದ ಒಂದೆರಡು ಸಂಬಂಧಗಳೂ ನಕ್ಷತ್ರ ಕೇಳಿ ಹಿಂದೆ ಸರಿದವು. ರಾಜಲಕ್ಷ್ಮಿ ಕೈಕಟ್ಟಿ ಕೂರಲಿಲ್ಲ. ಲ್ಯಾನ್‌ಹ್ಯಾಮಿನ ದೇವಸ್ಥಾನದಲ್ಲಿ ಮೂಲಾ ಶಾಂತಿ ಇಟ್ಟುಕೊಂಡು, ಮಗಳಿಗೆ ತಲೆಯ ಮೇಲೆ ಕಲಶದ ನೀರು ಹುಯ್ಯಿಸಿ, ಒದ್ದೆ ಸೀರೆಯಲ್ಲೇ ಹೋಮದ ಮುಂದೆ ಕೂರಿಸಿದಳು. ಹರಿಣಿ ತುಟಿಪಿಟಿಕ್ಕೆನ್ನದೆ ಕೂತು ಎದ್ದಳು. ಆ ಬೇಸಿಗೆ ಮುಗಿಯುವ ಮೊದಲು ಕಾರಿನಲ್ಲಿ ನಾಲ್ಕೈದು ಗಂಟೆ ದೂರದ ಮಾರಿಸ್‌ವಿಲ್ಲಿನ ಹತ್ತಿರ ಕೆಲಸ ಹಿಡಿದು ಹೊರಟುಹೋದಳು. ದೀಪಾವಳಿಗೂ ಬರುವುದನ್ನು ಬಿಟ್ಟಳು. ಇದೆಲ್ಲ ಕೇಶವಮೂರ್ತಿ ಮಾಡಿದ ಕೆಲಸ, ನನ್ನ ಮಗಳನ್ನು ನನ್ನಿಂದ ಕಿತ್ತುಕೊಂಡ ಪಾಪಿ ಅವನು ಎಂದು ರಾಜಲಕ್ಷ್ಮಿ ಅತ್ತಳು. ಅಳು ನಿಂತ ಮೇಲೆ ಫಿಲ್ಟರನ್ನು ತೊಳೆದು, ಒರೆಸಿ, ಅಟ್ಟಕ್ಕೆ ಹಾಕಿದಳು.

ಅವಳ ಕೆಲಸ ವಾಷಿಂಗ್ಟನ್ನಿನ ಒಂದು ಸರ್ಕಾರಿ ಕಚೇರಿಯಲ್ಲಿ. ಬೆಳಿಗ್ಗೆ ಶೇಡಿ ಗ್ರೋವ್‌ನಲ್ಲಿ ಮೆಟ್ರೋ ಹತ್ತಿದರೆ ಸಂಜೆ ಅದೇ ರೆಡ್ ಲೈನಿನಲ್ಲಿ ವಾಪಸು. ಯುದ್ಧ ಬಂದರೆ ಸೈನ್ಯಕ್ಕೆ ಎಣ್ಣೆ ಸಾಗಿಸಲು ಬೇಕಾದಷ್ಟು ಹಡಗು ಸರ್ಕಾರದ ಬಳಿ ಇರುವುದಿಲ್ಲ. ಅದಕ್ಕೇ ಖಾಸಗಿ ಎಣ್ಣೆ ಹಡಗುಗಳ ಮಾಲೀಕರು, ಕರೆದಾಗ ನಮ್ಮ ಟ್ಯಾಂಕರುಗಳನ್ನು ಕೊಡುತ್ತೇವೆ ಎಂದು ಶಾಂತಿಕಾಲದಲ್ಲೇ ಬರೆದುಕೊಟ್ಟು ಒಂದು ಒಪ್ಪಂದಕ್ಕೆ ಸೇರುತ್ತಾರೆ. ಬರೆದುಕೊಡುವುದೆಂದರೆ ಎರಡು ಸಾಲಿನ ಮಾತಲ್ಲ. ಅರ್ಜಿ, ಹಡಗುಗಳ ವಿವರ, ಒಡೆತನದ ಪುರಾವೆ, ಸಹಿ ಹಾಕುವವನಿಗೆ ಕಂಪನಿ ಕೊಟ್ಟ ಅಧಿಕಾರಪತ್ರ, ಎಲ್ಲವೂ ಎರಡೆರಡು ಪ್ರತಿ. ಅವನ್ನು ಪರೀಕ್ಷಿಸಿ, ಸರಿಯಿದ್ದರೆ ಗಡಿಯಾರವಿರುವ ಮೊಹರಿನ ಯಂತ್ರಕ್ಕೆ ಕೊಡುವುದು ರಾಜಲಕ್ಷ್ಮಿಯ ಕೆಲಸ. ಯಂತ್ರ ಟಕ್ಕೆಂದು ದಿನಾಂಕ, ಗಂಟೆ, ನಿಮಿಷ ಒತ್ತುತ್ತದೆ. ಆ ನಿಮಿಷದಿಂದ ಹಡಗು ದೇಶದ ರಕ್ಷಣೆಗೆ ಸೇರಿದಂತೆ. ಸಹಿಯ ಹೊತ್ತು ಯಾರಿಗೂ ಬೇಕಿಲ್ಲ, ಲೆಕ್ಕಕ್ಕೆ ಬರುವುದು ಮೊಹರಿನ ಹೊತ್ತು. ಈ ಕೆಲಸದಲ್ಲಿ ಅವಳು ಒಂದು ದಿನವೂ ಪಕ್ಷಪಾತ ಮಾಡಿದವಳಲ್ಲ ಎಂಬುದನ್ನು ಹೇಳಲೇಬೇಕು.

ತೊಂಬತ್ತೇಳರ ಶರತ್ಕಾಲದಲ್ಲಿ ಸೇರ್ಪಡೆಯ ಅವಧಿ ಮುಗಿಯುತ್ತ ಬಂದಿತ್ತು. ಅಕ್ಟೋಬರಿನ ಆ ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಬಾಗಿಲು ಮುಚ್ಚಿದರೆ ಮತ್ತೆ ಮುಂದಿನ ವರ್ಷವೇ. ಬರುವ ಲಕೋಟೆಗಳನ್ನು ಒಡೆಯುತ್ತ ಕೂತಿದ್ದ ರಾಜಲಕ್ಷ್ಮಿಯ ಕೈ ಒಂದು ಅರ್ಜಿಯ ಕೊನೆಯ ಹಾಳೆಯ ಮೇಲೆ ನಿಂತುಬಿಟ್ಟಿತು. ಚಾರ್ಲ್ಸ್‌ಟನ್ನಿನ ಸಣ್ಣ ಕಂಪನಿ. ಎರಡು ಟ್ಯಾಂಕರು. ಸಹಿ, ಕೇಶವಮೂರ್ತಿ, ಉಪಾಧ್ಯಕ್ಷ.

ಅವಳು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದಳು. ಇಷ್ಟು ವರ್ಷ ದೇವರು ನಿದ್ದೆ ಮಾಡುತ್ತಿದ್ದಾನೆ ಅಂದುಕೊಂಡಿದ್ದೆನಲ್ಲ ಎಂದು ಮನಸ್ಸಿನಲ್ಲೇ ಕೆನ್ನೆ ಬಡಿದುಕೊಂಡಳು.

ಅರ್ಜಿಯಲ್ಲಿ ತಪ್ಪು ಹುಡುಕುವ ಕಷ್ಟವೂ ಅವಳಿಗೆ ಬರಲಿಲ್ಲ. ಹಡಗು ಎರಡು, ಅಧಿಕಾರಪತ್ರದಲ್ಲಿ ಇದ್ದದ್ದು ಒಂದರ ಹೆಸರು. ಬೇರೆ ಯಾರದಾದರೂ ಆಗಿದ್ದರೆ ಫೋನು ಮಾಡಿ, ಇನ್ನೊಂದು ಪತ್ರ ಕಳಿಸಿಬಿಡಿ ಅನ್ನುತ್ತಿದ್ದಳು. ಆದರೆ ನಿಯಮದ ಪುಸ್ತಕದಲ್ಲಿ ಫೋನಿನ ಮಾತೇ ಇಲ್ಲ, ನ್ಯೂನತೆಯನ್ನು ಲಿಖಿತವಾಗಿ ತಿಳಿಸತಕ್ಕದ್ದು ಎಂದಷ್ಟೇ ಇದೆ. ಅವಳು ಅಂದವಾಗಿ ಟೈಪು ಮಾಡಿ, ಕಚೇರಿಯ ದಾಖಲೆಯಲ್ಲಿದ್ದ ತನ್ನ ಹೆಸರಿನಂತೆ ಆರ್. ನಟರಾಜ್ ಎಂದು ಸಹಿ ಹಾಕಿ, ಸಾಮಾನ್ಯ ಅಂಚೆಗೆ ಹಾಕಿದಳು. ಅದು ಮುಟ್ಟುವ ಹೊತ್ತಿಗೆ ಅಂಚೆಯಲ್ಲಿ ತಿದ್ದಿ ಕಳಿಸುವಷ್ಟು ದಿನ ಉಳಿಯಲಿಲ್ಲ. ಕಂಪನಿಯ ಕಾರ್ಯದರ್ಶಿ ಗಾಬರಿಯಿಂದ ಫೋನು ಮಾಡಿ, ನಮ್ಮ ಉಪಾಧ್ಯಕ್ಷರೇ ಹೊಸ ಪತ್ರ ಹಿಡಿದು ಬಂದು ನಿಮ್ಮೆದುರೇ ಸಹಿ ಹಾಕಬಹುದೇ ಎಂದಳು. ಧಾರಾಳವಾಗಿ, ಶುಕ್ರವಾರ ಹತ್ತೂ ಮುಕ್ಕಾಲಿಗೆ ಬರಲಿ ಎಂದಳು ರಾಜಲಕ್ಷ್ಮಿ. ಅವಳ ಅಡುಗೆಮನೆಯ ಗೋಡೆಯಲ್ಲಿ ಮೈಸೂರಿನ ಕ್ಯಾಲೆಂಡರು ನೇತಾಡುತ್ತಿತ್ತು. ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ರಾಹುಕಾಲ.

ರಾತ್ರಿಯ ಊಟಕ್ಕೆ ಕೂತಾಗ ನಟರಾಜನಿಗೆ ಎಲ್ಲ ಹೇಳಿದಳು. ನಟರಾಜ ಗೈದರ್ಸ್‌ಬರ್ಗಿನ ಸರ್ಕಾರಿ ಪ್ರಯೋಗಾಲಯದಲ್ಲಿ ತೂಕ ಅಳತೆಗಳನ್ನು ತಿದ್ದುವ ವಿಜ್ಞಾನಿ. ರಾಹುವನ್ನೂ ನಂಬದವನು, ಜಗಳವನ್ನೂ ಆಡದವನು.

"ಬಿಟ್ಟುಬಿಡೇ, ಸುಮ್ಮನೆ ಯಾಕೆ," ಅಂದ.

"ನೀವು ಆವತ್ತೂ ಹೀಗೇ ಅಂದ್ರಿ. ಸುಮ್ಮನಿದ್ದೂ ಇದ್ದೂ ನಿಮಗೆ ಅಭ್ಯಾಸ ಆಗಿದೆ. ಅವನು ಸಹಿ ಹಾಕ್ಬೇಕೋ ಬೇಡ್ವೋ ಅಂತ ಒದ್ದಾಡೋದನ್ನ ನಾನು ಕಣ್ಣಾರೆ ನೋಡ್ಬೇಕು. ಹಾಕದೇ ಇದ್ರೆ ಹಡಗು ಹೋಯ್ತು. ಹಾಕಿದ್ರೆ ಜನ್ಮವಿಡೀ ಎದೆ ಡವಡವ ಅಂತಿರ್ಬೇಕು. ನನಗೆ ಅಷ್ಟು ಸಾಕು."

ಶುಕ್ರವಾರ ಅವನು ಬಂದ. ತಲೆ ಪೂರ್ತಿ ಬೆಳ್ಳಗಾಗಿತ್ತು, ಸೂಟು ಮಾತ್ರ ಗರಿಗರಿ. ಬಾಗಿಲಲ್ಲಿ ಅವಳನ್ನು ಕಂಡು ಒಂದು ಗಳಿಗೆ ನಿಂತ.

"ಓಹೋ, ರಾಜಲಕ್ಷ್ಮಿಯವರು! ಆರ್. ನಟರಾಜ್ ಅಂದ್ರೆ ಯಾರೋ ತಮಿಳರು ಅಂದ್ಕೊಂಡಿದ್ದೆ. ಹೇಗಿದೀರಿ? ಯಜಮಾನ್ರು ಚೆನ್ನಾಗಿದಾರಾ?"

"ಕೂತ್ಕೊಳಿ, ಮಿಸ್ಟರ್ ಮೂರ್ತಿ," ಎಂದಳು ರಾಜಲಕ್ಷ್ಮಿ. "ಹೊಸ ಪತ್ರ ತಂದ್ರಾ? ಎರಡು ಪ್ರತಿಗೂ ಇಲ್ಲಿ, ಇಲ್ಲಿ, ಮತ್ತೆ ಇಲ್ಲಿ ಸಹಿ ಬೇಕು."

ಗೋಡೆಯ ಗಡಿಯಾರ ಅವನಿಗೆ ಎದುರಾಗಿಯೇ ಕಾಣುವಂತೆ ಅವಳು ಆ ಕುರ್ಚಿಯನ್ನು ಬೆಳಿಗ್ಗೆಯೇ ಸರಿಸಿಟ್ಟಿದ್ದಳು. ಈಗ ಬೆವರುತ್ತಾನೆ, ಈಗ ಕರವಸ್ತ್ರ ತೆಗೆಯುತ್ತಾನೆ, ಈಗ ಹೊಟ್ಟೆನೋವು ಅನ್ನುತ್ತಾನೆ ಎಂದು ಕಾದಳು. ಅವನು ಗಡಿಯಾರ ನೋಡಿದ, ಜೇಬಿನಿಂದ ಪೆನ್ನು ತೆಗೆದ, ಮನೆಗೆ ಬಂದ ಹಾಲಿನವನ ಲೆಕ್ಕಕ್ಕೆ ರುಜು ಹಾಕುವವನಂತೆ ಸರಸರ ಹಾಕುತ್ತ ಹೋದ.

ರಾಜಲಕ್ಷ್ಮಿಗೆ ತಡೆಯಲಾಗಲಿಲ್ಲ. "ಈಗ ರಾಹುಕಾಲ ಅಲ್ವಾ?"

ಅವನು ತಲೆಯೆತ್ತಿ ನಕ್ಕ. ತಿಳಿಯದವರಿಗೆ ತಿಳಿಹೇಳುವ ಗತ್ತಿನ ನಗು. "ಎಲ್ಲರೂ ಇದೇ ತಪ್ಪು ಮಾಡ್ತಾರೆ ನೋಡಿ. ಊರಿನ ಕ್ಯಾಲೆಂಡರ್ ನೋಡಿ ಹಾಗೇ ಫಾಲೋ ಮಾಡ್ತಾರೆ. ಇಲ್ಲಿನವರು ಏಪ್ರಿಲ್‌ನಲ್ಲಿ ಗಡಿಯಾರಾನ ಒಂದು ಗಂಟೆ ಮುಂದೆ ತಿರುಗಿಸ್ತಾರಲ್ಲ, ಈ ಭಾನುವಾರ ತಾನೇ ಹಿಂದೆ ಹಾಕೋದು. ಅಂದ್ರೆ ಸೂರ್ಯನ ಲೆಕ್ಕದಲ್ಲಿ ಈಗಿನ್ನೂ ಹತ್ತು ಗಂಟೇನೂ ಆಗಿಲ್ಲ. ರಾಹು ಶುರುವಾಗೋದು ಇಲ್ಲಿನ ಹನ್ನೊಂದೂವರೆಗೆ. ಅಷ್ಟು ವಿಚಾರ ಮಾಡ್ದೆ ಬರ್ತೀನಾ?"

ಇಷ್ಟು ವರ್ಷ ಕಾದದ್ದು, ಅಂಚೆಗೆ ಹಾಕಿದ್ದು, ಕುರ್ಚಿ ಸರಿಸಿದ್ದು ಎಲ್ಲ ಒಂದು ಗಂಟೆಯ ಲೆಕ್ಕದಲ್ಲಿ ಮಣ್ಣುಪಾಲಾಯಿತಲ್ಲ ಎಂದು ಅವಳಿಗೆ ಅನ್ನಿಸಿತು. ಆ ಒಂದು ಗಂಟೆ ಅವಳ ತಲೆಯಲ್ಲಿ ಎಲ್ಲಿಗೋ ಹೋಗಿ ತಾಗಿದ್ದು ಆಗಲೇ. ಹರಿಣಿ ಹುಟ್ಟಿದ್ದು ಇಲ್ಲಿಯ ಆಸ್ಪತ್ರೆಯಲ್ಲಿ. ಹುಟ್ಟಿದ್ದು ಜೂನ್ ತಿಂಗಳಲ್ಲಿ.

"ಮೂರ್ತಿಯವರೇ," ಎಂದಳು. "ನನ್ನ ಮಗಳ ಜಾತಕ ಬರೆಸುವಾಗ ಈ ಒಂದು ಗಂಟೆ ಕಳೆದ್ರಾ?"

ಪೆನ್ನು ನಿಂತಿತು. ಅವನು ತಕ್ಷಣ ಏನು ಎಂದು ಕೇಳಿದ್ದರೆ, ಹುಬ್ಬು ಗಂಟಿಕ್ಕಿದ್ದರೆ, ಅವಳು ನಂಬುತ್ತಿದ್ದಳೇನೋ. ಅವನು ಹಾಗೆ ಮಾಡಲಿಲ್ಲ. ಪೆನ್ನಿನ ಮುಚ್ಚಳ ಹಾಕಿ, ಮತ್ತೆ ತೆಗೆದು, ಮೇಜಿನ ಅಂಚು ನೋಡಿದ.

"ನಿಮಗೆ ಗೊತ್ತಿತ್ತು," ಎಂದಳು ರಾಜಲಕ್ಷ್ಮಿ.

"ಆವಾಗ ಗೊತ್ತಿರಲಿಲ್ಲ, ದೇವರಾಣೆ. ಗುರೂಗೆ ಬೇರೆ ಕಡೆ ಮದುವೆ ಆಗಿ ಮಗು ಆಯ್ತಲ್ಲ, ಎರಡು ವರ್ಷದ ಹಿಂದೆ, ಅದರ ಜಾತಕಕ್ಕೆ ಕೊಟ್ಟಾಗ ಜೋಯಿಸರೇ ಕೇಳಿದ್ರು. ಅಮೆರಿಕದಲ್ಲಿ ಬೇಸಿಗೇಲಿ ಗಡಿಯಾರ ಮುಂದಿಡ್ತಾರಂತೆ, ಹೌದಾ ಅಂತ. ಆವಾಗ ಹಳೇದನ್ನೂ ತೆಗೆದು ನೋಡಿದ್ರು."

"ಏನಂದ್ರು?"

"ಮೂಲಾ ಅಲ್ಲ. ಇನ್ನೂ ಜ್ಯೇಷ್ಠಾ ಇತ್ತು."

ಜ್ಯೇಷ್ಠಾ ನಕ್ಷತ್ರದ ಹುಡುಗಿ ಗಂಡನ ಅಣ್ಣನಿಗೆ ಆಗುವುದಿಲ್ಲ ಅನ್ನುತ್ತಾರೆ. ಗುರುದತ್‌ಗೆ ಅಣ್ಣನೇ ಇರಲಿಲ್ಲ. ಆ ಮನೆಯಲ್ಲಿ ಹರಿಣಿಯ ನಕ್ಷತ್ರದಿಂದ ಹೆದರಬೇಕಾದವನು ಒಬ್ಬನೂ ಇರಲಿಲ್ಲ.

"ಊರೆಲ್ಲ ಸಾರಿದ್ರಲ್ಲ. ಇದನ್ನ ಯಾರಿಗೆ ಹೇಳಿದ್ರಿ?"

"ಎಲ್ಲ ಮುಗಿದುಹೋಗಿತ್ತಲ್ಲಮ್ಮ. ಹೇಳಿ ಏನು ಪ್ರಯೋಜನ ಅಂತ..."

ರಾಜಲಕ್ಷ್ಮಿಗೆ ಎದುರಿಗಿದ್ದ ಪೇಪರ್‌ವೇಟನ್ನು ಎತ್ತಿ ಅವನ ಹಣೆಗೆ ಹೊಡೆಯಬೇಕೆನ್ನಿಸಿತು. ಹೊಡೆಯಲಿಲ್ಲ. ಅವಳಿಗೆ ಅದಕ್ಕಿಂತ ಒಳ್ಳೆಯದು ಹೊಳೆದಿತ್ತು. ಅವಳು ಕನ್ನಡಕ ಒರೆಸಿ ಹಾಕಿಕೊಂಡು ಅರ್ಜಿಯನ್ನು ಮೊದಲ ಪುಟದಿಂದ ಓದಲು ಶುರುಮಾಡಿದಳು.

ಹಡಗಿನ ಉದ್ದ ಓದಿದಳು, ಅಗಲ ಓದಿದಳು. ಎಷ್ಟು ಎಣ್ಣೆ ಹಿಡಿಯುತ್ತದೆ ಎಂಬುದನ್ನು ಮೂಲದೊಂದಿಗೆ ಅಂಕಿ ಅಂಕಿಯಾಗಿ ತಾಳೆ ನೋಡಿದಳು. ಮೊಹರಿಗೆ ಮುನ್ನ ಪರೀಕ್ಷಕರು ಪ್ರತಿಯೊಂದು ಹಾಳೆಯನ್ನೂ ಓದತಕ್ಕದ್ದು ಎಂದು ನಿಯಮವೇ ಇದೆ. ಕೇಶವಮೂರ್ತಿ ಮೊದಲು ಕಾಲು ಅಲ್ಲಾಡಿಸುತ್ತ ಕೂತ. ಹನ್ನೊಂದು ದಾಟಿದ ಮೇಲೆ ಅವನಿಗೆ ಏನೋ ಅರಿವಾಯಿತು.

"ಮೊಹರು ಯಾವಾಗ ಹಾಕ್ತೀರಿ?"

"ಓದಿ ಮುಗಿಸಿದ ಮೇಲೆ."

"ಅರ್ಧ ಗಂಟೆ ಒಳಗೆ ಆಗುತ್ತಾ?"

"ಯಾಕೆ? ಹನ್ನೆರಡರವರೆಗೆ ಟೈಮ್ ಇದೆಯಲ್ಲ."

ಅವನು ಗಡಿಯಾರ ನೋಡಿದ. ರಾಜಲಕ್ಷ್ಮಿ ಪುಟ ತಿರುಗಿಸಿದಳು. ಈಗ ಕರವಸ್ತ್ರ ಹೊರಗೆ ಬಂತು. ಅವನ ಎರಡು ಹಡಗುಗಳು ಯಾವ ಹೊತ್ತಿಗೆ ಸೇರಿದವು ಎಂಬುದನ್ನು ಆ ಯಂತ್ರ ಅಚ್ಚೊತ್ತಿ ಇಡುತ್ತದೆ, ಅದನ್ನು ಇನ್ನು ಯಾವ ಜೋಯಿಸನೂ ತಿದ್ದಲಾರ. ಹನ್ನೊಂದೂವರೆಗೆ ಮೊದಲು ಇವಳು ಮುಗಿಸುವುದಿಲ್ಲ, ಹನ್ನೆರಡಾದ ಮೇಲೆ ಇವಳು ತೆಗೆದುಕೊಳ್ಳುವುದಿಲ್ಲ. ರಾಹು ಹೋಗುವುದು ಒಂದು ಗಂಟೆಗೆ. ಲೆಕ್ಕ ಅವನೇ ಹಾಕಿಕೊಟ್ಟದ್ದು.

"ರಾಜಲಕ್ಷ್ಮಿಯವರೇ, ದಯವಿಟ್ಟು. ಸಮುದ್ರದ ವ್ಯವಹಾರ ಅದು. ಬೆಂಕಿ ಪೆಟ್ಟಿಗೆ ಇದ್ದ ಹಾಗೆ ಎಣ್ಣೆ ಹಡಗು. ಈಗ್ಲೇ ಹಾಕಿಬಿಡಿ."

ಅವಳು ಓದುತ್ತಲೇ ಇದ್ದಳು.

"ಬೇಕಾದ್ರೆ ಹರಿಣಿಗೆ ಫೋನ್ ಮಾಡ್ತೀನಿ. ಕ್ಷಮೆ ಕೇಳ್ತೀನಿ. ಸಂಘದಲ್ಲಿ ಎಲ್ಲರ ಮುಂದೆ ಹೇಳ್ತೀನಿ."

"ನನ್ನ ಮಗಳ ಹೆಸರು ನಿಮ್ಮ ಬಾಯಲ್ಲಿ ಬರೋದು ಬೇಡ."

ಅವನು ಎದ್ದು ನಿಂತ. ಗರಿಗರಿ ಸೂಟಿನ ಮನುಷ್ಯ ಮೇಜಿನ ಆಚೆ ಎರಡೂ ಕೈ ಜೋಡಿಸಿದ. ಪಕ್ಕದ ಮೇಜಿನ ಅಮೆರಿಕನ್ ಹುಡುಗಿ ಇದೇನು ಪ್ರಾರ್ಥನೆ ಎಂದು ಕತ್ತು ಉದ್ದ ಮಾಡಿದಳು. ಇದೇ, ಇದಕ್ಕೇ ನಾನು ಕಾದದ್ದು ಎಂದು ರಾಜಲಕ್ಷ್ಮಿಯ ಮೈಯೆಲ್ಲ ಹಿಗ್ಗಿತು. ಅವಳು ಕೊನೆಯ ಹಾಳೆ ಓದಿ, ಜೋಡಿಸಿ, ನಿಧಾನವಾಗಿ ಯಂತ್ರದ ಹತ್ತಿರ ನಡೆದಳು. ಟಕ್. ಇನ್ನೊಂದು ಪ್ರತಿ. ಟಕ್.

"ಹನ್ನೊಂದು ಮೂವತ್ತೇಳು," ಎಂದು ಓದಿ ಹೇಳಿ ಅವನ ಪ್ರತಿಯನ್ನು ಮುಂದೆ ಚಾಚಿದಳು. "ಕಂಗ್ರಾಚುಲೇಶನ್ಸ್, ಮಿಸ್ಟರ್ ಮೂರ್ತಿ. ಎಲ್ಲ ಸರಿಯಾಗಿದೆ."

ಅವನು ಅದನ್ನು ಎರಡು ಬೆರಳಲ್ಲಿ ಹಿಡಿದು, ಮೊಹರಿನ ಕಡೆ ನೋಡದೆ ಚೀಲಕ್ಕೆ ಹಾಕಿಕೊಂಡು ಹೋದ.

ಸಂಜೆ ಮನೆಗೆ ಬಂದವಳೇ ರಾಜಲಕ್ಷ್ಮಿ ಅಟ್ಟದಿಂದ ಫಿಲ್ಟರು ಇಳಿಸಿದಳು. ನಟರಾಜ ಭಾರತೀಯ ಅಂಗಡಿಗೆ ಓಡಿ ಪುಡಿ ತಂದ. ಡಿಕಾಕ್ಷನ್ ಇಳಿಯುವಷ್ಟು ಹೊತ್ತೂ ಅವಳು ಕತೆ ಹೇಳಿದಳು, ಕೈ ಜೋಡಿಸಿದ್ದನ್ನು ನಟಿಸಿ ತೋರಿಸಿದಳು. ನಟರಾಜ ನಕ್ಕ. ಆಮೇಲೆ ಒಂದು ಗಂಟೆಯ ವಿಷಯ ಬಂದಾಗ ನಗು ನಿಲ್ಲಿಸಿದ.

"ದಿನಾ ಅಳತೆ ತಿದ್ದೋದೇ ನನ್ನ ಕೆಲಸ. ನಾನು ಆ ಜಾತಕಾನ ಕೈಲೂ ಮುಟ್ಟಲಿಲ್ಲ. ನಂಬಿಕೆ ಇಲ್ಲ ಅಂತ ದೂರ ಕೂತೆ," ಎಂದ.

ನೊರೆ ಬಂದ ಲೋಟವನ್ನು ಪಕ್ಕದಲ್ಲಿಟ್ಟುಕೊಂಡು ಅವಳು ಮಾರಿಸ್‌ವಿಲ್‌ಗೆ ಫೋನು ಹಚ್ಚಿದಳು. ಮೊದಲ ಗುಟುಕು ಮಗಳಿಗೆ ಹೇಳಿದ ಮೇಲೆ ಎಂದು ಇಟ್ಟುಕೊಂಡಿದ್ದಳು.

"ಹರಿಣಿ, ಎಲ್ಲಾ ತಪ್ಪು ಕಣೇ! ಗುರುದತ್ ಅಪ್ಪ ಟೈಮ್ ತಪ್ಪು ಕೊಟ್ಟಿದ್ರು. ನೀನು ಮೂಲಾ ಅಲ್ಲವೇ ಅಲ್ಲ. ನಿನ್ನಲ್ಲಿ ಯಾವ ದೋಷವೂ ಇಲ್ಲ ಪುಟ್ಟಾ!"

"ಅಮ್ಮಾ," ಎಂದಳು ಹರಿಣಿ, ಒಂದೊಂದೇ ಕನ್ನಡದ ಮಾತು ಹುಡುಕುತ್ತ. "ನಾನು ರಿಯಲೀ ಮೂಲಾ ಆಗಿದ್ರೆ? ದೆನ್ ಅಂಕಲ್ ಮಾಡಿದ್ದು ಓಕೆನಾ?"

"ಹಾಗಲ್ಲ ಕಣೇ..."

"ಅಂಕಲ್ ಒಂದ್ಸಲ ಫೋನ್ ಮಾಡಿದ್ರು, ಅಷ್ಟೆ. ಹೋಮದ ಮುಂದೆ ಕೂರಿಸಿದ್ದು ನೀನು. ಒದ್ದೆ ಸೀರೇಲಿ. ಎಲ್ರೂ ನನ್ನ ನೋಡ್ತಿದ್ರು. ನೀನು ಭಟ್ರಿಗೆ ಹೇಳ್ದೆ, ಇವಳ ದೋಷ ಹೋಗ್ಲಿ ಅಂತ. ಐ ಹರ್ಡ್ ಯೂ, ಅಮ್ಮಾ. ಐ ಹ್ಯಾವ್ ಟು ಗೋ. ಸಂಡೇ ಮಾತಾಡ್ತೀನಿ."

ಫೋನು ಇಟ್ಟ ಮೇಲೂ ರಾಜಲಕ್ಷ್ಮಿ ಅಲ್ಲೇ ಕೂತಿದ್ದಳು. ಮಗಳನ್ನು ಕಿತ್ತುಕೊಂಡವನು ಎಂದು ಇಷ್ಟು ವರ್ಷ ಶಪಿಸಿದ್ದು ಯಾರನ್ನು? ಅವನು ಚಾರ್ಲ್ಸ್‌ಟನ್ನಿನಿಂದ ಒಂದು ಮಾತು ಎಸೆದ. ಅದನ್ನು ನಂಬಿ ತನ್ನ ಮಗಳ ತಲೆಯ ಮೇಲೆ ತಣ್ಣೀರು ಹುಯ್ಯಿಸಿದವಳು ಯಾರು? ಕಾಫಿಯ ಮೇಲೆ ಕೆನೆ ಕಟ್ಟಿತ್ತು.

"ಕುಡಿಯಲ್ವಾ? ಆರಿಹೋಯ್ತು," ಅಂದ ನಟರಾಜ.

"ಇನ್ನೊಬ್ಬರು ಹರಿಣಿ ಮುಂದೆ ಕೈಕಟ್ಟಿ ನಿಲ್ಲೋದು ಬಾಕಿ ಇದೆ," ಎಂದಳು. "ಮಾರಿಸ್‌ವಿಲ್‌ಗೆ ಹೋಗ್ಬೇಕು ರೀ."

"ಹೋಗೋಣ. ನಾಳೆ ಬೆಳಿಗ್ಗೆ ಎಷ್ಟು ಹೊತ್ತಿಗೆ ಹೊರಡೋದು?"

ಅವಳು ಎದ್ದು ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋಗಿ ಶನಿವಾರದ ಸಾಲಿನ ಮೇಲೆ ಬೆರಳಿಟ್ಟಳು. ಒಂಬತ್ತರಿಂದ ಹತ್ತೂವರೆ. ಅದಕ್ಕೆ ಒಂದು ಗಂಟೆ ಕೂಡಿಸಬೇಕು ಎಂದು ಲೆಕ್ಕ ಹಾಕತೊಡಗಿದಳು. ಹಾಕುತ್ತಿದ್ದಂತೆ ತಾನೇನು ಮಾಡುತ್ತಿದ್ದೇನೆ ಎಂಬುದು ತಿಳಿದು ಕಿವಿಯವರೆಗೂ ಬಿಸಿಯಾಯಿತು. ಬೆರಳು ಹಿಂದಕ್ಕೆ ತೆಗೆದುಕೊಂಡಳು.

"ಕಾರಿನ ಕೀ ಎಲ್ಲಿದೆ?" ಎಂದಳು. "ಈಗ್ಲೇ ಹೊರಡೋಣ."